ಹಚ್ಚಾಯ್ತು

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂದು ನಮ್ಮಣ್ಣ ಗಿರಾಕಿಗಳಿಗೆ ಹೇಳುವಾಗಲೆಲ್ಲ ನಾನು ಪಕ್ಕದ ಮೇಜಿನಲ್ಲಿ ಕೂತು ನಕ್ಷೆ ಬರೆಯುತ್ತಿರುತ್ತಿದ್ದೆ. ಒಂದು ದಿನವೂ ತಲೆ ಎತ್ತಿ ‘ಹಾಗಲ್ಲ’ ಎನ್ನಲಿಲ್ಲ. ಅವನು ಹೇಳುತ್ತಿದ್ದದ್ದು ಪೂರ್ತಿ ಸುಳ್ಳೂ ಅಲ್ಲ. ತುಕ್ಕು ಎನ್ನುವುದು ಕಬ್ಬಿಣಕ್ಕೆ ಬರುವಂಥದ್ದು, ಕೆಂಪಗೆ, ಯಾರು ನೋಡಿದರೂ ಗೊತ್ತಾಗುವ ಹಾಗೆ. ಅಲ್ಯೂಮಿನಿಯಂಗೆ ಬರುವುದು ಬೆಳ್ಳಗೆ, ಪುಡಿಪುಡಿಯಾಗಿ. ಹಳೇ ಗೋಡೆಗೆ ಉಪ್ಪು ಹೊಡೆಯುತ್ತದಲ್ಲ, ನಮ್ಮ ಮೇಸ್ತ್ರಿ ಇದನ್ನೂ ಉಪ್ಪು ಎಂದೇ ಕರೆಯುತ್ತಿದ್ದರು. ಆ ಬಿಳಿಯನ್ನು ನಾನು ಒಂದೇ ಒಂದು ಸಲ ಬೇರೆ ಏನೋ ಅಂದುಕೊಂಡೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಶೆಡ್ಡು ಇದ್ದದ್ದು ಬಿಳೇಕಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ. ಮ್ಯಾನೇಜ್‌ಮೆಂಟ್ ಓದುವ ಮಕ್ಕಳು ಟೀ ಕುಡಿಯಲು ನಮ್ಮ ಎದುರಿನ ಗೂಡಂಗಡಿಗೆ ಬರುತ್ತಿದ್ದರು. ಗ್ರೈಂಡರ್ ಸದ್ದಿಗೆ ಕಿವಿ ಮುಚ್ಚಿಕೊಂಡು, “ಅಂಕಲ್, ಐದು ನಿಮಿಷ ನಿಲ್ಸಿ ಪ್ಲೀಸ್” ಎಂದು ಒಳಗೆ ಕೂಗುತ್ತಿದ್ದರು. ನಾಳೆ ದೊಡ್ಡ ದೊಡ್ಡ ಕಾರ್ಖಾನೆ ನಡೆಸಬೇಕಾದವರಿಗೆ ಒಂದು ಸಣ್ಣ ಶೆಡ್ಡಿನ ಸದ್ದು ತಡೆಯಲು ಆಗುತ್ತಿರಲಿಲ್ಲ. ಆದರೂ ಅಣ್ಣ ನಿಲ್ಲಿಸುತ್ತಿದ್ದ. ಚೆನ್ನಾಗಿ ಇಂಗ್ಲಿಷ್ ಮಾತಾಡುವವರು ಏನು ಕೇಳಿದರೂ ಅವನು ಇಲ್ಲವೆನ್ನುತ್ತಿರಲಿಲ್ಲ.

ಅಪ್ಪನಿಗೆ ಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು. ಅಪ್ಪ ಹೋದ ಮೇಲೆ ಅಣ್ಣ ಅದನ್ನು ಮಾರಿ, ವಾಹನಗಳಿಗೆ ಅಲ್ಯೂಮಿನಿಯಂ ಬಾಡಿ ಕಟ್ಟುವ ಈ ಶೆಡ್ಡು ಹಾಕಿದ. ಹಾಲಿನ ವ್ಯಾನು, ಐಸ್‌ಕ್ರೀಂ ವ್ಯಾನು, ಮದುವೆ ಅಡುಗೆಯವರ ವ್ಯಾನು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು, ಮದುವೆಯಾಗಿ ಮೂರು ವರ್ಷಕ್ಕೆ ಗಿರಿನಗರದ ಅಮ್ಮನ ಮನೆಗೆ ವಾಪಸ್ ಬಂದವಳು. ಆ ಕಥೆ ಇಲ್ಲಿಗೆ ಬೇಡ. “ಮನೇಲಿ ಕೂತು ಬೇಜಾರಾಗುತ್ತೆ ಅಂತ ತಂಗೀನ ಕರ್ಕೊಂಡಿದೀನಿ” ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಹೋಗದ ದಿನ ಒಂದು ತೂತು ಎಲ್ಲಿ ಕೊರೆಯಬೇಕೆಂದೂ ಅವನಿಗೆ ತಿಳಿಯುತ್ತಿರಲಿಲ್ಲ. ನಕ್ಷೆ ನನ್ನದು. ಹೊರಡುವ ಮುಂಚೆ, ಆಮೇಲೆ ವರ್ಷಕ್ಕೊಮ್ಮೆ, ಗಾಡಿಯನ್ನು ತಪಾಸಣೆ ಮಾಡಿ ಒಂದು ಹಾಳೆಗೆ ಸಹಿ ಹಾಕುವ ಕೆಲಸವೂ ನನ್ನದು.

ಕಟ್ಟುವವರು ಮೇಸ್ತ್ರಿ. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದು ಸುದ್ದಗುಂಟೆಪಾಳ್ಯ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಅಲ್ಯೂಮಿನಿಯಂ ಬೆಸೆಯುವುದನ್ನು ಕಲಿತ ಕೈಗಳು ಆಗ ನಮ್ಮ ಕಡೆ ಬಹಳ ಇರಲಿಲ್ಲ. ಕಬ್ಬಿಣ ಬೆಸೆಯುವವರು ಗಲ್ಲಿಗೊಬ್ಬರು ಸಿಗುತ್ತಿದ್ದರು. ಬೆಸೆಯುವ ಮುಂಚೆ ಲೋಹವನ್ನು ಉಜ್ಜಲು ಅವರ ಹತ್ತಿರ ಒಂದು ಸ್ಟೀಲಿನ ಬ್ರಷ್ ಇತ್ತು. ಕಬ್ಬಿಣವನ್ನು ಒಂದು ಸಲ ಮುಟ್ಟಿದ ಬ್ರಷ್ ಅಲ್ಯೂಮಿನಿಯಂ ಮುಟ್ಟಬಾರದು ಎಂದು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯುತ್ತಿದ್ದರು. ಶೆಡ್ಡಿನವರೆಲ್ಲ ಅದನ್ನು ಮಡಿ ಬ್ರಷ್ ಎನ್ನುತ್ತಿದ್ದರು. ಯಾರಾದರೂ ತಮಾಷೆಗೆ ಮುಟ್ಟಹೋದರೆ ಮೇಸ್ತ್ರಿಗೆ ನಿಜಕ್ಕೂ ಸಿಟ್ಟು ಬರುತ್ತಿತ್ತು.

ಒಂದು ಸಲ ನನಗೆ ಹೇಳಿದ್ದರು. “ಕಬ್ಬಿಣ ಹೇಳಿ ಮಾಡುತ್ತೆ ಮೇಡಂ. ಮೊದ್ಲು ಕೆಂಪಗಾಗುತ್ತೆ, ಆಮೇಲೆ ಕರಗುತ್ತೆ. ಇದು ಹೇಳೋದೇ ಇಲ್ಲ. ಬಣ್ಣ ಬದ್ಲಾಗಲ್ಲ. ಚೆನ್ನಾಗಿದೆ ಅಂತ ನೋಡ್ತಾ ಇರ್ತೀವಿ, ಒಂದೇ ಸಲ ಕುಸಿದು ಬೀಳುತ್ತೆ.” ಅವರು ಹೇಳಿದ್ದು ಬೆಸುಗೆಯ ಮಾತು. ನನಗೆ ಈಗ ಮನುಷ್ಯರ ವಿಷಯವಾಗಿಯೂ ಆ ಮಾತು ನೆನಪಾಗುತ್ತದೆ, ಅದರಲ್ಲೂ ನನ್ನ ವಿಷಯವಾಗಿ.

ಇನ್ನು ಅಮ್ಮ. ನಮ್ಮದು ಶಿವಪೂಜೆಯ ಮನೆ. ಶೆಡ್ಡಿನಲ್ಲಿ ಯಾವ ಗಾಡಿ ಮುಗಿದರೂ ಅಮ್ಮ ಬರಬೇಕು, ವಿಭೂತಿ ಹಚ್ಚಬೇಕು. ಗಟ್ಟಿಯನ್ನು ಒದ್ದೆ ಮಾಡಿ, ಮೂರು ಬೆರಳಿಗೆ ತೆಗೆದುಕೊಂಡು, ಸೀರೆ ಎತ್ತಿ ಕಟ್ಟಿ, ಗಾಡಿಯ ಕೆಳಗೆ ಬಗ್ಗಿ, ಚಕ್ರದ ಹತ್ತಿರದ ತೊಲೆಗೆ ಎಳೆಯುತ್ತಿದ್ದರು. ಹೊರಗೆ ಹೊಳೆಯುವ ತಗಡಿಗೆ ಯಾಕೆ ಹಚ್ಚುವುದಿಲ್ಲ ಎಂದು ಕೇಳಿದ್ದೆ. “ಹೊರಗೆ ಹಚ್ಚಿದ್ರೆ ಅವರು ಒರೆಸ್ತಾರೆ ಕಣೇ. ಕೆಳಗೆ ಹಚ್ಚಿದ್ರೆ ಇದೆ ಅಂತ ಅವರಿಗೆ ಗೊತ್ತೂ ಆಗಲ್ಲ, ಇರೋದು ಇರುತ್ತೆ” ಎಂದಿದ್ದರು. ಬೆಂಗಳೂರಿನಲ್ಲಿ ಓಡಾಡುವ ಎಷ್ಟೋ ಐಸ್‌ಕ್ರೀಂ ವ್ಯಾನುಗಳ ಹೊಟ್ಟೆಯಡಿ ಅಮ್ಮನ ಮೂರು ಬೆರಳು ಇದ್ದವು. ಮೇಸ್ತ್ರಿ ಅದರ ಬಗ್ಗೆ ಎಂದೂ ಹಗುರವಾಗಿ ಮಾತಾಡಲಿಲ್ಲ. ಅಮ್ಮ ಬಗ್ಗುವಾಗ ತಲೆಗೆ ತಾಗದಂತೆ ತೊಲೆಯ ಅಂಚಿಗೆ ತಮ್ಮ ಕೈ ಅಡ್ಡ ಹಿಡಿಯುತ್ತಿದ್ದರು.

ಕುದುರೆ ಟ್ರೈಲರ್ ಬಂದದ್ದು ಹೀಗೆ. ಬನ್ನೇರುಘಟ್ಟ ರಸ್ತೆಯಲ್ಲಿ ಊರು ಮುಗಿಯುವ ಕಡೆ ಒಬ್ಬರು ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಶಾಲೆ ನಡೆಸುತ್ತಿದ್ದರು. ಒಂದು ಬೆಳಿಗ್ಗೆ ಫೋನಿನಲ್ಲಿ ಯಾವುದೋ ದೇಶದ ಚಿತ್ರ ಹಿಡಿದುಕೊಂಡು ಬಂದರು. ಎರಡು ಕುದುರೆ ಅಕ್ಕಪಕ್ಕ ನಿಲ್ಲುವ, ಜೀಪಿನ ಹಿಂದೆ ಕಟ್ಟಿ ಎಳೆಯುವ ಅಲ್ಯೂಮಿನಿಯಂ ಟ್ರೈಲರ್. ಲಾರಿಯಲ್ಲಿ ಕುದುರೆ ಹೆದರುತ್ತವೆ, ಹತ್ತಿಸುವುದು ಇಳಿಸುವುದು ಕಷ್ಟ ಎಂದರು. ಅಣ್ಣ ಚಿತ್ರವನ್ನು ಹಿಗ್ಗಿಸಿ ನೋಡಿ, “ಮಾಡೋಣ ಸಾರ್, ಸಖತ್ತಾಗಿ ಮಾಡ್ಕೊಡ್ತೀವಿ” ಎಂದ. ನಮ್ಮ ಮೂವರಲ್ಲಿ ಕುದುರೆಯ ಹತ್ತಿರ ಹೋದವರು ಯಾರೂ ಇರಲಿಲ್ಲ. ಅಣ್ಣ ತನ್ನ ಮದುವೆಯಲ್ಲಿ ಸಾರೋಟು ಹತ್ತಿದ್ದ, ಅಷ್ಟೇ.

ಅಳತೆಗೆ ನಾನೇ ಹೋದೆ. ಕಂದು ಬಣ್ಣದ, ವಯಸ್ಸಾದ ಒಂದು ಹೆಣ್ಣು ಕುದುರೆಯನ್ನು ತಂದು ನಿಲ್ಲಿಸಿದರು. ಅಲ್ಲಿಯ ಮಕ್ಕಳೆಲ್ಲ ಮೊದಲು ಕೂರುವುದು ಅದರ ಮೇಲೆಯೇ ಅಂತೆ. ಬೀಳುವ ಮಗು ಯಾವುದು, ಕೂರುವ ಮಗು ಯಾವುದು ಎಂದು ಅದಕ್ಕೆ ಮುಂಚೆಯೇ ಗೊತ್ತಾಗುತ್ತದಂತೆ. ನಾನು ಟೇಪು ಹಿಡಿದು ಎದೆಯ ಅಗಲ, ಬೆನ್ನಿನ ಎತ್ತರ ಬರೆದುಕೊಳ್ಳುವಾಗ ಅದು ನನ್ನ ದುಪಟ್ಟಾದ ತುದಿಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿತು. ಬಿಡಿಸಿಕೊಳ್ಳಲು ಹೋದರೆ ನನ್ನನ್ನೇ ನೋಡಿತು. ದುಪಟ್ಟಾ ಅಲ್ಲೇ ಹೋಯಿತು. ಅದರ ಮೇಲೆ ನನಗೆ ಪ್ರೀತಿ ಹುಟ್ಟಿತು ಎಂದು ನೇರವಾಗಿ ಹೇಳಿಬಿಡುತ್ತೇನೆ.

ಕುದುರೆ ಅಂದರೆ ಐಸ್‌ಕ್ರೀಂ ಡಬ್ಬಿ ಅಲ್ಲ, ಅದು ಸುಮ್ಮನೆ ಕೂರುವುದಿಲ್ಲ. ಗಾಡಿ ತಿರುಗಿದರೆ ಕಾಲು ಅಗಲಿಸುತ್ತದೆ, ಬ್ರೇಕು ಹಾಕಿದರೆ ಅಷ್ಟೂ ಭಾರ ಮುಂಗಾಲಿಗೆ ಬರುತ್ತದೆ, ಬೇಜಾರಾದರೆ ಹಿಂಗಾಲಿನಿಂದ ನೆಲ ಕುಟ್ಟುತ್ತದೆ. ಆ ಭಾರವೆಲ್ಲ ನಾಲ್ಕು ಗೊರಸಿನ ಮೇಲೆ. ಹಾಗಾಗಿ ಇಂಥ ಟ್ರೈಲರಿನ ಜೀವ ಇರುವುದು ಗೋಡೆಯಲ್ಲೂ ಅಲ್ಲ, ಮಾಡಿನಲ್ಲೂ ಅಲ್ಲ, ನೆಲದಲ್ಲಿ. ಒಂದಡಿಗೊಂದು ಅಡ್ಡತೊಲೆ ಹಾಕಿ, ಅದರ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಅಲ್ಯೂಮಿನಿಯಂ ಹಲಗೆ, ಅದರ ಮೇಲೆ ರಬ್ಬರು ಹಾಸು ಎಂದು ನಾನು ಬರೆದೆ. ಮೇಸ್ತ್ರಿ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

“ತೊಲೆ ಮಧ್ಯದಲ್ಲಿ ಬೆಸುಗೆ ಬೇಡ ಮೇಡಂ” ಎಂದರು. “ಬೆಸೆದ ಜಾಗ ಗಟ್ಟಿ ಇರುತ್ತೆ. ಅದರ ಪಕ್ಕದ್ದು ಬಿಸಿ ತಿಂದು ಮೆತ್ತಗಾಗುತ್ತೆ. ಕುದುರೆ ನಿಲ್ಲೋದು ಮಧ್ಯದಲ್ಲೇ ಅಲ್ವಾ? ಜಾಯಿಂಟೆಲ್ಲ ಅಂಚಿಗೆ ತಗೊಳ್ಳಿ.”

ಅಂಚಿಗೆ ತೆಗೆದುಕೊಂಡೆ. ಆಮೇಲೆ ಚಕ್ರದ ಚೌಕಟ್ಟಿನ ಮಾತು ಬಂತು. ಅದು ಕಬ್ಬಿಣದ್ದೇ ಆಗಬೇಕು, ಬೇರೆ ದಾರಿಯಿಲ್ಲ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಕುದುರೆಯ ಉಚ್ಚೆ ಸೇರಿದರೆ ಇನ್ನೂ ಬೇಗ. ಅದಕ್ಕೆ ಎರಡರ ಮಧ್ಯೆ ರಬ್ಬರು ಪಟ್ಟಿ ಕೊಡಬೇಕು, ಪಟ್ಟಿ ಜರುಗಿದೆಯೇ ಹರಿದಿದೆಯೇ ಎಂದು ವರ್ಷಕ್ಕೊಮ್ಮೆ ಕೆಳಗಿನಿಂದ ನೋಡಬೇಕು. ತಪಾಸಣೆಯ ಹಾಳೆಯಲ್ಲಿ ಅದಕ್ಕೆಂದೇ ಒಂದು ಸಾಲು ಸೇರಿಸಿ ಎಂದರು ಮೇಸ್ತ್ರಿ. ಸೇರಿಸಿದೆ. ಆ ಸಾಲು ನನ್ನ ಕೈಬರಹದಲ್ಲೇ ಇದೆ.

ಟ್ರೈಲರ್ ಮುಗಿಯುವ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಿದ್ದರು. ಒಪ್ಪಿಸುವ ದಿನ ಬೆಳಿಗ್ಗೆಯಿಂದ ಒಂದೇ ಹಟ, “ಕುದುರೆ ಗಾಡಿ ನೋಡ್ಬೇಕು, ನನ್ನ ಕರ್ಕೊಂಡು ಹೋಗಿ.” ಡಾಕ್ಟರು ಬೇಡ ಎಂದಿದ್ದರು. ಅಣ್ಣ “ನೋಡೋಣ, ಕಾರಲ್ಲಿ ಮೆಲ್ಲಗೆ ಕರ್ಕೊಂಡು ಹೋದ್ರಾಯ್ತು” ಎಂದ. ನಾನು ನೋಂದಣಿಯ ಕಾಗದಕ್ಕೆಂದು ಆರ್‌ಟಿಒ ಕಚೇರಿಗೆ ಹೋಗಿ, ಕಿಟಕಿಯಿಂದ ಕಿಟಕಿಗೆ ಅಲೆದು, ಸಂಜೆ ಮನೆಗೆ ಬಂದೆ. ಗಾಡಿ ಆಗಲೇ ಕುದುರೆ ಶಾಲೆಗೆ ಹೊರಟುಹೋಗಿತ್ತು. ಅಮ್ಮ ಮಲಗಿದ್ದರು. ಬಲಗೈಯ ಮೂರು ಬೆರಳು ಬೆಳ್ಳಗಿದ್ದವು.

“ಹಚ್ಚಿದ್ಯೇನಮ್ಮ?” ಎಂದೆ.

“ಹಚ್ಚಾಯ್ತು” ಎಂದರು.

ನಮ್ಮ ಭಾಷೆಯಲ್ಲಿ ಇದೊಂದು ಅನುಕೂಲ. ಊಟ ಆಯ್ತು, ಕೆಲಸ ಆಯ್ತು, ಹಚ್ಚಾಯ್ತು. ಯಾರು ಮಾಡಿದರು ಎಂದು ಹೇಳಬೇಕಾಗಿಯೇ ಇಲ್ಲ, ಮಾತು ಮಾತ್ರ ಪೂರ್ತಿಯಾಗುತ್ತದೆ. ನಾನೂ ಕೇಳಲಿಲ್ಲ. ಅಮ್ಮನ ಬೆರಳು ಒರೆಸಿ, ಗಂಜಿ ಕುಡಿಸಿ, ದೀಪ ಹಚ್ಚಿದೆ. ಅಮ್ಮ ಅದಾದ ಮೇಲೆ ಒಂದು ತಿಂಗಳೂ ಇರಲಿಲ್ಲ.

ಮೊದಲ ವರ್ಷದ ತಪಾಸಣೆಗೆ ಟ್ರೈಲರ್ ಬಂದಾಗ ಮೇಸ್ತ್ರಿಯೇ ನೋಡಿದರು, ನನಗೆ ಜ್ವರ. ಎರಡನೇ ವರ್ಷ ನಾನಿದ್ದೆ. ಗಾಡಿಯ ಅಡಿಭಾಗ ನೋಡಲೆಂದು ಶೆಡ್ಡಿನ ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ಅದನ್ನು ನಿಲ್ಲಿಸಿದರು. ಟಾರ್ಚ್ ಹಿಡಿದು ಮೆಟ್ಟಿಲಿಳಿದು ಕೆಳಗೆ ಹೋದೆ. ಚಕ್ರದ ಚೌಕಟ್ಟಿನ ಪಕ್ಕ, ಹಿಂದಿನಿಂದ ಎಣಿಸಿದರೆ ನಾಲ್ಕನೇ ತೊಲೆಯ ಮೇಲೆ, ಬೆಳಕು ಬಿದ್ದ ಕಡೆ ಬೆಳ್ಳಗೆ ಕಂಡಿತು. ಅಡ್ಡಕ್ಕೆ ಎಳೆದ ಹಾಗೆ, ಬೆರಳಿನಷ್ಟು ಅಗಲ. ಅಮ್ಮ ಯಾವಾಗಲೂ ಹಚ್ಚುತ್ತಿದ್ದ ಜಾಗವೇ.

ನನ್ನ ಅಳು ಬರುವ ರೀತಿ ಸದ್ದಿಲ್ಲದ್ದು. ಗುಂಡಿಯೊಳಗೆ ನಿಂತು ಆ ಬಿಳಿಯ ಮೇಲೆ ಅಂಗೈ ಇಟ್ಟೆ. ಸಾಯುವ ಮುಂಚೆ ಅಮ್ಮ ಮುಟ್ಟಿದ ಕೊನೆಯ ಗಾಡಿ ಇದು, ಆ ಮೈಯಲ್ಲಿ ಇಲ್ಲಿ ಬಗ್ಗಿ ಹಚ್ಚಿದ್ದಾರೆ ಎಂದುಕೊಂಡೆ. ಎರಡು ವರ್ಷ ನೀರು ಹೊಯ್ದರೂ ಹೋಗಿಲ್ಲವಲ್ಲ ಎಂದು ಹೆಮ್ಮೆಯೂ ಆಯಿತು. ಡಿಪ್ಲೊಮಾ ಮಾಡಿದವಳು ನಾನು. ಹಚ್ಚಿದ ವಿಭೂತಿ ಎರಡು ಮಳೆಗಾಲ ನಿಲ್ಲುತ್ತದೆಯೇ ಎಂದು ಶಾಲೆಯ ಮಗು ಕೂಡ ಕೇಳಿಕೊಳ್ಳುತ್ತಿತ್ತು. ನಾನು ಕೇಳಿಕೊಳ್ಳಲಿಲ್ಲ, ಯಾಕೆಂದರೆ ಅದು ಅಮ್ಮನದೇ ಆಗಿರಬೇಕೆಂದು ನನಗೆ ಬೇಕಿತ್ತು. ಗಾಡಿ ತೊಳೆಯುವವನಿಗೆ ಆ ಕಡೆ ನೀರು ಬಿಡಬೇಡ ಎಂದು ಕೂಗಿ ಹೇಳಿದೆ.

ಮೇಸ್ತ್ರಿ ಟಿಫಿನ್ ಡಬ್ಬಿ ಹಿಡಿದು ಕೆಳಗಿಳಿದು ಬಂದರು. ಮೇಲೆ ರಬ್ಬರು ಹಾಸು ಎತ್ತಿ ನೋಡಿ ಬಂದಿದ್ದರು, ಹಲಗೆಯೆಲ್ಲ ಸರಿಯಿತ್ತಂತೆ. ನನ್ನ ಕೈ ಇದ್ದ ಜಾಗವನ್ನು ನೋಡಿದರು. ಬಟ್ಟೆ ಬಿಚ್ಚಿ ಬ್ರಷ್ ಹೊರಗೆ ತೆಗೆದರು.

“ಮೇಡಂ, ಅದೊಂಚೂರು ಉಜ್ಜಿ ನೋಡ್ತೀನಿ.”

“ಬೇಡ ಮೇಸ್ತ್ರಿ” ಎಂದೆ. “ಅಮ್ಮನದ್ದು ಅದು.”

ಅವರು ಏನೋ ಹೇಳಲು ಬಾಯಿ ತೆರೆದರು. ನನ್ನ ಮುಖ ನೋಡಿದರು. ಗುಂಡಿಯೊಳಗೆ ಕತ್ತಲಿದ್ದರೂ ನನ್ನ ಕೆನ್ನೆ ಒದ್ದೆಯಾಗಿದ್ದು ಕಂಡಿರಬೇಕು. “ಆಯ್ತು ಮೇಡಂ” ಎಂದು ಬ್ರಷ್ಷನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ನಾನು ಮೇಲೆ ಬಂದು ಹಾಳೆ ತೆಗೆದುಕೊಂಡು, ರಬ್ಬರು ಪಟ್ಟಿಯ ಸಾಲಿನ ಮುಂದೆ ‘ನೋಡಲಾಗಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ. ಕುದುರೆ ಶಾಲೆಯವರು ಮಧ್ಯಾಹ್ನವೇ ಜೀಪು ತಂದು ಟ್ರೈಲರನ್ನು ಎಳೆದುಕೊಂಡು ಹೋದರು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಣ್ಣನ ಫೋನು ಬಂತು. ಬನ್ನೇರುಘಟ್ಟ ರಸ್ತೆಯಲ್ಲಿ ಒಂದು ಉಬ್ಬು ಹಾರುವಾಗ ಟ್ರೈಲರಿನ ನೆಲ ಕುಸಿದಿತ್ತು. ಕಂದು ಕುದುರೆಯ ಹಿಂಗಾಲು ಹಲಗೆಯ ಸಂದಿನಿಂದ ಕೆಳಗೆ ಹೋಗಿತ್ತು. ಜೀಪಿನಲ್ಲಿದ್ದವರಿಗೆ ತಿಳಿಯಲೇ ಇಲ್ಲ. ಹಿಂದೆ ಬರುತ್ತಿದ್ದ ಬೈಕಿನವರು ಕೂಗಿ ಕೈಬೀಸಿ ಮುಂದೆ ಬಂದು ನಿಲ್ಲಿಸುವ ತನಕ ಗಾಡಿ ಹೋಗುತ್ತಲೇ ಇತ್ತು. ಆ ಕಾಲು ಡಾಂಬರಿನ ಮೇಲೆ ಎಳೆದುಕೊಂಡು ಬಂದಿತ್ತು. ನಾವು ಹೋಗುವಷ್ಟರಲ್ಲಿ ಕುದುರೆಯ ಡಾಕ್ಟರು ಬಂದು ಕೊನೆಯ ಇಂಜೆಕ್ಷನ್ ಕೊಟ್ಟಾಗಿತ್ತು. ಟಾರ್ಪಾಲಿನ ಕೆಳಗಿನಿಂದ ಒಂದು ಕಿವಿ ಮಾತ್ರ ಹೊರಗೆ ಕಾಣುತ್ತಿತ್ತು. ಸುತ್ತ ನಿಂತವರು ಫೋನಿನಲ್ಲಿ ಅದರ ಚಿತ್ರ ತೆಗೆಯುತ್ತಿದ್ದರು.

ನಾನು ಬಗ್ಗಿ ಗಾಡಿಯ ಕೆಳಗೆ ನೋಡಿದೆ. ನಾಲ್ಕನೇ ತೊಲೆ ಮುರಿದಿತ್ತು, ಅದರ ಜೊತೆ ಐದನೆಯದೂ. ಅಂಚಿನಲ್ಲಿ ಮೇಸ್ತ್ರಿಯ ಬೆಸುಗೆ ಹಾಗೇ ಇತ್ತು, ಒಂದರ ಮೇಲೊಂದು ಕಾಸು ಜೋಡಿಸಿದ ಹಾಗೆ, ಒಂದು ಕೂದಲೆಳೆ ಬಿರುಕಿಲ್ಲದೆ. ಮುರಿದದ್ದು ನಾನು ಅಂಗೈ ಇಟ್ಟ ಜಾಗ. ರಬ್ಬರು ಪಟ್ಟಿ ಜರುಗಿ ಪಕ್ಕಕ್ಕೆ ಬಂದಿತ್ತು, ಕಬ್ಬಿಣ ತೊಲೆಗೆ ತಾಗಿತ್ತು. ತೊಲೆ ಅಲ್ಲಿ ಹಪ್ಪಳದಷ್ಟು ತೆಳ್ಳಗಾಗಿ ಒಳಗೆಲ್ಲ ಬಿಳಿ ಪುಡಿ ತುಂಬಿಕೊಂಡಿತ್ತು. ಬೆರಳಿಗೆ ತೆಗೆದು ಉಜ್ಜಿದೆ. ವಿಭೂತಿ ನುಣ್ಣಗಿರುತ್ತದೆ, ಇದು ಮರಳಿನ ಹಾಗೆ ತರಿತರಿಯಾಗಿತ್ತು.

ಮಾರನೆಯ ದಿನ ಶೆಡ್ಡಿನ ಆಫೀಸು ಕೋಣೆಯಲ್ಲಿ ಐದು ಕುರ್ಚಿ ಇದ್ದವು, ನಾಲ್ಕು ಜನ ಇದ್ದೆವು. ಮೇಸ್ತ್ರಿ ನಿಂತಿದ್ದರು. ಕುದುರೆ ಶಾಲೆಯವರು ಕೂಗಾಡಲಿಲ್ಲ, ಕೂಗಾಡಿದ್ದರೆ ಸಲೀಸಾಗುತ್ತಿತ್ತೇನೋ. “ಏನಾಯ್ತು ಅಂತ ಹೇಳಿ, ಅಷ್ಟು ಸಾಕು” ಎಂದರು. ಅಣ್ಣ ನನ್ನ ಕಡೆ ನೋಡಿದ, ತಪಾಸಣೆಯ ಹಾಳೆಯ ಕಡೆ ನೋಡಿದ. ಅದನ್ನು ಕೈಯಲ್ಲೇ ಮಡಚಿ ಡ್ರಾಯರಿಗೆ ಹಾಕಿದ.

“ವೆಲ್ಡಿಂಗ್ ಬಿಟ್ಟಿದೆ ಸಾರ್” ಎಂದ. “ನಾವು ಎಷ್ಟೇ ಹೇಳಿದ್ರೂ ಒಂದೊಂದ್ಸಲ ಕೈ ತಪ್ಪುತ್ತೆ.”

ವೆಲ್ಡಿಂಗ್ ಬಿಟ್ಟಿದೆ. ಕೈ ತಪ್ಪುತ್ತೆ. ಯಾರ ಕೈ ಎಂದು ಅವನೂ ಹೇಳಲಿಲ್ಲ, ಹೇಳುವ ಅಗತ್ಯ ಇರಲಿಲ್ಲ. ಆ ಕೋಣೆಯಲ್ಲಿ ಬೆಸೆಯುವ ಕೈ ಇದ್ದದ್ದು ಒಂದೇ ಜೊತೆ. ಮೇಸ್ತ್ರಿ ತಲೆ ಎತ್ತಿ ನನ್ನ ಕಡೆ ನೋಡಿದರು. ಬಹಳ ಹೊತ್ತು ಅಲ್ಲ. ನಾನು ಮೇಜಿನ ಗಾಜಿನ ಕೆಳಗಿದ್ದ ಹಳೇ ಕ್ಯಾಲೆಂಡರಿನ ಶಿವನ ಚಿತ್ರ ನೋಡುತ್ತಿದ್ದೆ. ಅದರಲ್ಲಿ ಶಿವನ ಜಡೆಯ ಬಣ್ಣ ಏನಿತ್ತು ಎಂದು ಇವತ್ತು ಕೇಳಿದರೂ ಹೇಳುತ್ತೇನೆ.

“ಕೈ ನಂದೇ ಸಾರ್” ಎಂದರು ಮೇಸ್ತ್ರಿ.

“ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದೀರಿ ನೀವು?” ಎಂದು ಕುದುರೆ ಶಾಲೆಯವರು ಕೇಳಿದರು. ಮೇಸ್ತ್ರಿ ಡಬ್ಬಿ ತೆಗೆದುಕೊಂಡು ಹೊರಗೆ ಹೋದವರು ಮರುದಿನ ಬರಲಿಲ್ಲ. ಅಣ್ಣ ಕರೆಯಲೂ ಇಲ್ಲ.

ನಮ್ಮ ಕಸುಬಿನಲ್ಲಿ ಪತ್ರಿಕೆ ಬೇಡ, ಬೆಸುಗೆಗೆ ಬೇಕಾದ ಆರ್ಗಾನ್ ಗ್ಯಾಸಿನ ಸಿಲಿಂಡರ್ ತುಂಬಿಸುವ ಅಂಗಡಿ ಒಂದಿದ್ದರೆ ಸಾಕು. ಬನಶಂಕರಿಯಿಂದ ಬಿಟಿಎಂ ತನಕ ಇದ್ದ ಶೆಡ್ಡುಗಳಿಗೆಲ್ಲ ವಾರದೊಳಗೆ ಸುದ್ದಿ ಮುಟ್ಟಿತು. ಅವರಿಗೆ ‘ಕುದುರೆ ಮೇಸ್ತ್ರಿ’ ಎಂದು ಹೆಸರು ಬಿತ್ತು. ಯಾರೂ ಅಲ್ಯೂಮಿನಿಯಂ ಕೆಲಸ ಕೊಡಲಿಲ್ಲ ಎಂದು ಕೇಳಿದೆ. ಕೇಳಿ ಸುಮ್ಮನಿದ್ದೆ. ನನಗೆ ನಾನು ಹೇಳಿಕೊಂಡ ನೆಪಗಳು ಬೇಕಾದಷ್ಟಿದ್ದವು. ಅಣ್ಣನ ಮಾನ, ಅಮ್ಮನ ಹೆಸರು ಇದರಲ್ಲಿ ಬರಬಾರದು, ಸ್ವಲ್ಪ ದಿನ ಕಳೆಯಲಿ. ಸೋಮವಾರ ಸೋಮವಾರ ಪೂಜೆ ಮಾತ್ರ ತಪ್ಪಿಸಲಿಲ್ಲ. ಅಮ್ಮ ಬಿಟ್ಟುಹೋದ ಅದೇ ಗಟ್ಟಿಯಿಂದ ದಿನಾ ಹಣೆಗೆ ಹಚ್ಚಿಕೊಂಡು ಶೆಡ್ಡಿಗೆ ಹೋಗುತ್ತಿದ್ದೆ. ನಾಚಿಕೆಯೂ ಆಗುತ್ತಿರಲಿಲ್ಲ, ಅದಕ್ಕೇ ಈಗ ಮೈ ಉರಿಯುತ್ತದೆ.

ಟ್ರೈಲರ್ ಕೆಲಸ ಅಲ್ಲಿಗೆ ನಿಂತಿತು. ಮೂರು ವರ್ಷ ಹೀಗೇ ಕಳೆದು, ಹೋದ ವರ್ಷ ಅಣ್ಣ ಶೆಡ್ಡನ್ನೂ ಬಿಟ್ಟುಕೊಟ್ಟ. ಆ ಜಾಗದಲ್ಲಿ ಈಗ ಪೇಯಿಂಗ್ ಗೆಸ್ಟ್ ಕಟ್ಟಡ ಏಳುತ್ತಿದೆ. ಸಾಮಾನು ಖಾಲಿ ಮಾಡುವಾಗ ಡ್ರಾಯರಿನಲ್ಲಿ ಆ ಹಾಳೆ ಸಿಕ್ಕಿತು. ಮಡಿಕೆ ಬಿಡಿಸಿ ಓದಿದೆ. ‘ನೋಡಲಾಗಿದೆ.’ ಯಾರು ನೋಡಿದ್ದು? ಅದನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದೆ. ಎರಡು ತಿಂಗಳು ಅದು ದೇವರ ಮನೆಯ ಕಪಾಟಿನಲ್ಲಿ ಕೂತಿತ್ತು. ಆಮೇಲೆ ಒಂದು ಬೆಳಿಗ್ಗೆ ಸುದ್ದಗುಂಟೆಪಾಳ್ಯಕ್ಕೆ ಹೋದೆ.

ಮೇಸ್ತ್ರಿ ಒಂದು ಕಿಟಕಿ ಗ್ರಿಲ್ ಮಾಡುವ ಅಂಗಡಿಯ ಮುಂದೆ, ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕಬ್ಬಿಣದ ಸರಳು ಬೆಸೆಯುತ್ತಿದ್ದರು. ಬಹಳ ಇಳಿದುಹೋಗಿದ್ದರು. ಕನ್ನಡಕ ಎತ್ತಿ ನೋಡಿ, “ಬನ್ನಿ ಮೇಡಂ” ಎಂದು ಸ್ಟೂಲು ಒರೆಸಿ ಕೊಟ್ಟರು. ಟೀ ತರಿಸಿದರು. ಮನೆಯಲ್ಲೆಲ್ಲ ಹೇಗಿದ್ದಾರೆ ಎಂದು ಕೇಳಿದರು. ನಾನು ಟೀ ಕುಡಿಯದೆಯೇ ಹೇಳಿಬಿಟ್ಟೆ. “ಅವತ್ತು ಗುಂಡೀಲಿ ನಾನು ಅದನ್ನ ಅಮ್ಮನ ವಿಭೂತಿ ಅಂದ್ಕೊಂಡೆ ಮೇಸ್ತ್ರಿ. ಅದು ಉಪ್ಪು. ಮುರಿದಿದ್ದು ಅಲ್ಲೇ. ನಿಮ್ಮ ಬೆಸುಗೆ ಸರಿಯಾಗೇ ಇತ್ತು. ನಂಗೊತ್ತಿತ್ತು.”

“ಗೊತ್ತು ಮೇಡಂ” ಎಂದರು. “ಅಮ್ಮೋರು ಆ ಗಾಡೀಗೆ ವಿಭೂತಿ ಹಚ್ಚಲೇ ಇಲ್ಲ.”

ನನಗೆ ಅರ್ಥವಾಗಲಿಲ್ಲ. ಅವತ್ತು ಅಮ್ಮನ ಬೆರಳು ಬೆಳ್ಳಗಿದ್ದದ್ದನ್ನು ನಾನೇ ನೋಡಿದ್ದೆನಲ್ಲ ಎಂದೆ.

“ಅಮ್ಮೋರಿಗೆ ಏಳಕ್ಕೇ ಆಗ್ಲಿಲ್ಲ. ನಮ್ಮ ಸಾರ್ ನನ್ನನ್ನ ನಿಮ್ಮನೆಗೆ ಕಳ್ಸಿದ್ರು. ಅಮ್ಮೋರೇ ಗಟ್ಟಿ ಒದ್ದೆ ಮಾಡಿ ನನ್ನ ಅಂಗೈಗೆ ಹಚ್ಚಿದ್ರು. ‘ನಾನು ಬರಕ್ಕಾಗಲ್ಲ, ನೀವೇ ಹಚ್ಚಿ ಮೇಸ್ತ್ರಿ’ ಅಂದ್ರು. ನಾನು ಹಚ್ಚಿದ್ದು ಮುಂದೆ, ಜೀಪಿಗೆ ಕಟ್ಟೋ ಕೊಂಡಿ ಹತ್ರ. ಚಕ್ರದ ಹತ್ರದ ತೊಲೆ ಅವರ ಜಾಗ ಅಲ್ವಾ, ಅಲ್ಲಿ ನನ್ನ ಕೈ ಯಾಕೆ ಅಂತ.” ಟೀ ಲೋಟ ಕೆಳಗಿಟ್ಟರು. “ಫೋನ್ ಮಾಡಿ ಅಮ್ಮೋರಿಗೆ ಹೇಳ್ದೆ. ಹಚ್ಚಾಯ್ತು ಅಂತ.”

ಹಚ್ಚಾಯ್ತು. ಅಮ್ಮ ನನಗೆ ಹೇಳಿದ್ದು ಇವರ ಮಾತನ್ನೇ. ಸುಳ್ಳೇನೂ ಹೇಳಿರಲಿಲ್ಲ.

“ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ತಪ್ಪು ಹಂಚಿಕೊಳ್ಳಲು ಇನ್ನೊಬ್ಬರು ಸಿಕ್ಕರಲ್ಲ ಎಂಬ ಸಿಟ್ಟು.

“ನೀವು ಅದರ ಮೇಲೆ ಕೈ ಇಟ್ಕೊಂಡು ಅಳ್ತಾ ಇದ್ರಿ ಮೇಡಂ. ಅದು ನಿಮ್ಮ ತಾಯಿದಲ್ಲ, ಉಪ್ಪು ಅಂತ ಹೆಂಗೆ ಹೇಳೋದು? ಮಾರನೇ ದಿನ ಬೆಳಿಗ್ಗೆ ನೀವು ಬರೋದ್ರೊಳಗೆ ಬಂದು ಉಜ್ಜಿ ನೋಡೋಣ ಅಂದ್ಕೊಂಡೆ. ಮಧ್ಯಾಹ್ನಾನೇ ಗಾಡಿ ಹೋಯ್ತು. ಫೋನ್ ಮಾಡಬೇಕಿತ್ತು, ಮಾಡ್ಲಿಲ್ಲ. ಮುಂದಿನ ವರ್ಷದ ತನಕ ತಡೆಯುತ್ತೆ ಅಂದ್ಕೊಂಡೆ. ಅದು ನಂದು ತಪ್ಪು. ಅದಕ್ಕೇ ಕೈ ನಂದೇ ಅಂದಿದ್ದು.”

ಇಷ್ಟೂ ಮಾತಿನಲ್ಲಿ ಅವರು ಒಂದು ಸಲವೂ ‘ಆಯ್ತು’ ಎಂದು ತಪ್ಪಿಸಿಕೊಳ್ಳಲಿಲ್ಲ. ಅಂದ್ಕೊಂಡೆ, ಮಾಡ್ಲಿಲ್ಲ, ನಂದು. ನಾನು ಅವಸರದಲ್ಲಿ, ಎಲ್ಲರಿಗೂ ಹೇಳುತ್ತೇನೆ, ಕುದುರೆ ಶಾಲೆಯವರಿಗೆ, ಸಿಲಿಂಡರ್ ಅಂಗಡಿಗೆ, ಎಲ್ಲ ಶೆಡ್ಡುಗಳಿಗೂ ಹೋಗಿ ಹೇಳುತ್ತೇನೆ ಎಂದೆ. ಬೇಡ ಬಿಡಿ ಮೇಡಂ, ಆಗಿದ್ದು ಆಗಿ ಹೋಯ್ತು ಎನ್ನುತ್ತಾರೆ ಎಂದುಕೊಂಡಿದ್ದೆ. ಅದನ್ನು ಕೇಳಿಸಿಕೊಂಡು ಮನೆಗೆ ಹೋಗಲೆಂದೇ ಅಷ್ಟು ದೂರ ಬಂದಿದ್ದೆನೋ ಏನೋ.

“ಹೇಳಿ ಮೇಡಂ. ಬೇಡ ಅನ್ನಲ್ಲ” ಎಂದರು. ಬಲಗೈಯನ್ನು ನನ್ನ ಮುಂದೆ ಚಾಚಿ ಹಿಡಿದರು. ಬೆರಳು ಸಣ್ಣಗೆ ನಡುಗುತ್ತಿದ್ದವು, ನಿಲ್ಲುತ್ತಿರಲಿಲ್ಲ. “ಗ್ರಿಲ್ಲಿಗೆ ಇದು ಸಾಕು. ಅಲ್ಯೂಮಿನಿಯಂಗೆ ಆಗಲ್ಲ. ಈಗ ಯಾರು ಕರೆದ್ರೂ ನಾನು ಹೋಗಕ್ಕಾಗಲ್ಲ. ಅವತ್ತು ಹೇಳಿದ್ರೆ ಮೂರು ವರ್ಷ ಕೆಲಸ ಇರ್ತಿತ್ತು.” ಕೈ ಹಿಂದಕ್ಕೆ ತೆಗೆದುಕೊಂಡರು. “ಆ ರೂಮಲ್ಲಿ ನೀವು ಹೇಳ್ತೀರಿ ಅಂದ್ಕೊಂಡಿದ್ದೆ. ಅದಕ್ಕೇ ನಿಮ್ಮ ಕಡೆ ನೋಡಿದ್ದು.”

ಕನ್ನಡಕ ಇಳಿಸಿಕೊಂಡು ಮತ್ತೆ ಕೆಲಸಕ್ಕೆ ಕೂತರು. ಕಬ್ಬಿಣ ಕೆಂಪಗಾಯಿತು. ನ್ಯಾಯವಾಗಿ ಅವರು ನನ್ನನ್ನು ಬೈಯಬೇಕಿತ್ತು, ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಆ ಅನುಕೂಲವನ್ನೂ ಅವರು ಕೊಡಲಿಲ್ಲ. ಟೀ ಆರಿಹೋಗಿತ್ತು, ಕುಡಿದು ಲೋಟ ಇಟ್ಟು ಬಂದೆ.

ಮನೆಗೆ ಬಂದು ಕಪಾಟಿನಿಂದ ಹಾಳೆ ತೆಗೆದೆ. ‘ನೋಡಲಾಗಿದೆ, ಸರಿಯಿದೆ’ ಎಂಬುದರ ಮೇಲೆ ಗೀಟು ಹಾಕಿ, ಕೆಳಗೆ ‘ನಾನು ನೋಡಲಿಲ್ಲ’ ಎಂದು ಬರೆದು, ಮತ್ತೆ ಸಹಿ ಹಾಕಿದೆ. ಹಾಳೆಯ ಹಿಂಬದಿಯಲ್ಲಿ ನಡೆದದ್ದನ್ನೆಲ್ಲ ಬರೆದೆ. ಅದರ ನಕಲು ಒಂದನ್ನು ಕುದುರೆ ಶಾಲೆಗೆ ಕಳುಹಿಸಿದೆ, ಒಂದನ್ನು ಅಣ್ಣನಿಗೆ, ಒಂದನ್ನು ಸಿಲಿಂಡರ್ ಅಂಗಡಿಯವರಿಗೆ, ಒಂದನ್ನು ಸುದ್ದಗುಂಟೆಪಾಳ್ಯಕ್ಕೆ. ಕುದುರೆ ಶಾಲೆಯವರು ‘ತಲುಪಿದೆ’ ಎಂದು ಒಂದೇ ಪದದ ಮೆಸೇಜು ಹಾಕಿದರು. ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದಾನೆ. ಸಿಲಿಂಡರ್ ಅಂಗಡಿಯವರು ಅದನ್ನು ಗೋಡೆಗೆ ಅಂಟಿಸಿದ್ದಾರಂತೆ, ಓದುವವರು ಓದುತ್ತಾರಂತೆ. ಮೇಸ್ತ್ರಿಯಿಂದ ಏನೂ ಬಂದಿಲ್ಲ. ಅವರು ಹೇಳಬೇಕಾದ್ದನ್ನು ಆ ಕೋಣೆಯಲ್ಲೇ ಒಂದು ಸಲ ನೋಡಿ ಹೇಳಿದ್ದರು, ನಾನು ನೋಡಲಿಲ್ಲ.